ಸೇವಕಿಯ ಸಾಲುಗಳು

ಕನ್ನಡ ಬಲಿಪೂಜೆಯ ನಂತರ ನಮ್ಮ ಸಂಘಕ್ಕೆ ಚರ್ಚಿನ ಸಭಾಂಗಣ ಸಿಗುವುದು ಮೂವತ್ತೈದು ನಿಮಿಷ, ಅದೂ ತಿಂಗಳಿಗೆ ಒಂದು ಶುಕ್ರವಾರ. ನಮಗಿಂತ ಮೊದಲು ತಮಿಳರು, ನಮ್ಮ ನಂತರ ಫಿಲಿಪೀನೊಗಳು. ಮೂವತ್ತೈದನೆಯ ನಿಮಿಷಕ್ಕೆ ಬಾಗಿಲು ತೆರೆಯುತ್ತದೆ. ಅವರು ಗಿಟಾರಿನ ಪೆಟ್ಟಿಗೆಗಳನ್ನು ಹೊತ್ತು ನಗುನಗುತ್ತಲೇ ಒಳಗೆ ಬಂದು ಕುರ್ಚಿಗಳನ್ನು ತಿರುಗಿಸತೊಡಗುತ್ತಾರೆ. ಯಾರೂ ಜಗಳವಾಡುವುದಿಲ್ಲ. ಪರದೇಶದಲ್ಲಿ ಪ್ರಾರ್ಥನೆಗೆ ಒಂದು ಜಾಗವಿದೆಯಲ್ಲ ಎಂಬ ಕೃತಜ್ಞತೆ ಎಲ್ಲರಿಗೂ ಇದೆ. ಈ ಸಂಗತಿಯನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಮಾಡಿದ ಕೆಲಸಕ್ಕೆ ಬಹಳ ಕಾಲ ಈ ಮೂವತ್ತೈದು ನಿಮಿಷಗಳನ್ನೇ ಸಮರ್ಥನೆಯಾಗಿ ಇಟ್ಟುಕೊಂಡಿದ್ದೆ.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಸಂತರ ಹೆಸರನ್ನೂ ಬಿಟ್ಟಿದ್ದೇನೆ, ಏಕೆಂದರೆ ಅದನ್ನು ಬರೆದರೆ ಅದು ಯಾವ ವರ್ಷದ ಕಾರ್ಯಕ್ರಮ, ಯಾರು ಯಾವ ಪಾತ್ರ ಓದಿದರು ಎಂಬುದು ಮಸ್ಕತ್ತಿನ ನಮ್ಮವರಿಗೆ ತಕ್ಷಣ ತಿಳಿಯುತ್ತದೆ. ಆಫ್ರಿಕಾದ ಕಾರ್ಥೇಜ್ ಪಟ್ಟಣದಲ್ಲಿ ರೋಮನ್ನರ ಕಾಲದಲ್ಲಿ ಒಂದೇ ದಿನ ಸತ್ತ ಇಬ್ಬರು ಹೆಂಗಸರು ಎಂದರೆ ಸಾಕು. ಒಬ್ಬಳು ಸಿರಿವಂತ ಮನೆತನದ ಓದು ಬರಹ ಬಲ್ಲ ತಾಯಿ, ಇನ್ನೊಬ್ಬಳು ಸೇವಕಿ. ಪೂಜೆಯ ಪ್ರಾರ್ಥನೆಯಲ್ಲಿ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುತ್ತಾರೆ. ಅವರ ಸ್ಮರಣೆಯ ದಿನ ಮಾರ್ಚ್ ತಿಂಗಳ ಮೊದಲ ವಾರದಲ್ಲಿ, ಸಾಮಾನ್ಯವಾಗಿ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದ ನಡುವೆ ಬರುತ್ತದೆ. ತಪಸ್ಸುಕಾಲದಲ್ಲಿ ಹಾಡು ಕುಣಿತ ಸಲ್ಲದು. ಆದ್ದರಿಂದ ಆ ವರ್ಷ ನಮ್ಮ ಸಂಘದ ಮಹಿಳೆಯರು ನಾಟಕವನ್ನು ಕೈಬಿಟ್ಟು, ಈ ಇಬ್ಬರ ಜೀವನವನ್ನು ಪಾತ್ರ ಹಂಚಿಕೊಂಡು ಓದುವುದೆಂದು ನಿಶ್ಚಯಿಸಿದರು.

ಸಂಘದ ಅಧ್ಯಕ್ಷೆ ಅಲ್ ಅಜೈಬಾದ ವೈದ್ಯರೊಬ್ಬರ ಪತ್ನಿ. ನನ್ನ ಅಮ್ಮ ಅವರ ಮನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸಕ್ಕಿದ್ದಳು. ಅಮ್ಮ ಅವರನ್ನು ಮೇಡಂ ಎನ್ನುತ್ತಿದ್ದಳು. ನಾನೂ ಚಿಕ್ಕವಳಿದ್ದಾಗ ಫೋನಿನಲ್ಲಿ ಹಾಗೆಯೇ ಕರೆಯುತ್ತಿದ್ದೆ. ನಾನು ಪದವಿ ಮುಗಿಸಿ ಮಸ್ಕತ್ತಿಗೆ ಬಂದ ಮೊದಲ ವಾರ ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಇನ್ನು ಮೇಡಂ ಅಂತ ಎಲ್ಲ ಹೇಳ್ಬೇಡ. ಆಂಟಿ ಅನ್ನು. ನೀನು ಗ್ರಾಜುಯೇಟ್ ಅಲ್ವಾ," ಎಂದರು. ಅಮ್ಮ ಪಕ್ಕದಲ್ಲೇ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ಅವಳ ಮುಖ ಅರಳಿತ್ತು. ನನಗೂ ಹೆಮ್ಮೆಯಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಅವರು ಕೆಟ್ಟವರಾಗಿರಲಿಲ್ಲ. ಅಮ್ಮನ ಮೇಲೆ ಕೈ ಎತ್ತಿದವರಲ್ಲ, ಹಸಿವಿನಲ್ಲಿಟ್ಟವರಲ್ಲ, ಎರಡು ವರ್ಷಕ್ಕೊಮ್ಮೆ ಊರಿಗೆ ಕಳುಹಿಸುವುದನ್ನು ತಪ್ಪಿಸಿದವರಲ್ಲ. ಹಡಗು ಸಾಗಣೆಯ ಕಂಪೆನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ನನ್ನ ಉದ್ಯೋಗವೂ ಅವರ ಒಂದು ಮಾತಿನಿಂದ ಸಿಕ್ಕಿದ್ದು. ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು.

ಜೀವನಚರಿತ್ರೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ನೀನೇ ಬರೀಬೇಕು. ನಿನ್ನ ಕನ್ನಡ ಶುದ್ಧ ಉಂಟು. ನಮ್ಮದೆಲ್ಲ ಇಲ್ಲಿ ಬಂದು ಖಿಚಡಿ ಆಗಿದೆ," ಎಂದರು ಮೇಡಂ.

ಪಾತ್ರ ಹಂಚುವ ಸಭೆ ಅವರ ಮನೆಯಲ್ಲೇ ನಡೆಯಿತು. ಕುಲೀನ ಸ್ತ್ರೀಯ ಪಾತ್ರ ಸಹಜವಾಗಿ ಅವರಿಗೆ ಬಂತು. ನಿರೂಪಣೆಯನ್ನು ಇಂಡಿಯನ್ ಸ್ಕೂಲಿನ ಒಬ್ಬ ಟೀಚರ್ ಒಪ್ಪಿಕೊಂಡರು. ಸೇವಕಿಯ ಪಾತ್ರಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ. ಆಕೆ ಸೆರೆಮನೆಗೆ ಬಂದಾಗ ಎಂಟು ತಿಂಗಳ ಬಸುರಿ.

"ನಾನು ಮಾಡಿದ್ರೆ ಜನ ನಿಜ ಅಂತಲೇ ತಿಳ್ಕೊಳ್ತಾರೆ ಮಾರಾಯ್ರೆ. ಈ ಹೊಟ್ಟೆ ನೋಡಿ," ಎಂದು ಒಬ್ಬರು ನಗಿಸಿದರು.

ಆ ನಗುವಿನ ನಡುವೆ ಬಾಗಿಲ ಬಳಿಯಿಂದ ಅಮ್ಮನ ದನಿ ಕೇಳಿಸಿತು. "ನಾನು ಹೇಳ್ತೇನೆ ಮೇಡಂ, ಆ ಕೆಲಸದವಳದ್ದು."

ಎಲ್ಲರೂ ತಿರುಗಿದರು. ಅಮ್ಮ ಖಾಲಿ ಲೋಟಗಳನ್ನು ಒಟ್ಟುಮಾಡುತ್ತಿದ್ದಳು.

"ನಿನಗೆ ಓದ್ಲಿಕ್ಕೆ ಆಗ್ತದಾ?" ಎಂದರು ಮೇಡಂ. ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಸಂದೇಹವಿತ್ತು.

"ಓದುವುದು ಎಂತಕ್ಕೆ? ಜಪಮಾಲೆ ಏನು ಓದಿ ಹೇಳ್ತೇನಾ? ಇವಳು ಹೇಳಿಕೊಟ್ಟರೆ ಆಯ್ತು. ಮಾರ್ಚ್ ಕಳೆದ್ರೆ ನಾನು ಹೋದೆ. ಒಂದು ಸಲ ಆ ಮೈಕಿನ ಮುಂದೆ ನಿಲ್ತೇನೆ."

ಹೌದು, ಅಮ್ಮ ಹೊರಡುವವಳಿದ್ದಳು. ಅವಳ ಮೊಣಕಾಲು ಹೋಗಿತ್ತು, ಇನ್ನು ವೀಸಾ ನವೀಕರಿಸುವುದಿಲ್ಲವೆಂದು ತೀರ್ಮಾನವಾಗಿತ್ತು. ಮಾರ್ಚ್ ಕೊನೆಗೆ ಟಿಕೆಟ್. ಇಪ್ಪತ್ತಾರು ವರ್ಷ ಆ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತವಳು, ಪ್ರತಿ ಕಾರ್ಯಕ್ರಮದಲ್ಲೂ ಹಿಂದೆ ನಿಂತು ಚಹಾ ಹಂಚಿದವಳು, ತಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಯಾರಿಗೂ ಬೇಡವಾಗಿದ್ದ ಪಾತ್ರ ಅವಳಿಗೆ ಸಿಕ್ಕಿತು.

ಶುಕ್ರವಾರ ಮಧ್ಯಾಹ್ನ ಅಮ್ಮನಿಗೆ ಬಿಡುವು. ನಾನು ಅಲ್ ಮವಾಲೇಹ್‌ನ ನನ್ನ ಬಾಡಿಗೆ ಕೋಣೆಯಿಂದ ಮೇಡಂ ಮನೆಗೆ ಹೋಗುತ್ತಿದ್ದೆ. ಬಿಡುವು ಎಂದರೂ ಅವಳು ಇಸ್ತ್ರಿ ಮಾಡುತ್ತಲೇ ಇರುತ್ತಿದ್ದಳು. ಅಡುಗೆಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ ಮೇಜು, ಅಮ್ಮನ ಮಂಚ, ಮೂರೂ ಸಾಲಾಗಿದ್ದವು. ನಾನು ಮಂಚದ ತುದಿಯಲ್ಲಿ ಕುಳಿತು ಓದುವುದು, ಅವಳು ಡಾಕ್ಟರರ ಶರ್ಟಿನ ಕಾಲರ್ ಒತ್ತುತ್ತಾ ತಿರುಗಿ ಹೇಳುವುದು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಕಥೆಯನ್ನು ಮೊದಲಿನಿಂದ ಹೇಳಿದೆ. ಸಾಮ್ರಾಟನ ಆಜ್ಞೆಗೆ ವಿರುದ್ಧವಾಗಿ ಕ್ರಿಸ್ತನ ಧರ್ಮಕ್ಕೆ ಸೇರಲು ಸಿದ್ಧರಾಗುತ್ತಿದ್ದ ಕೆಲವರನ್ನು ಹಿಡಿದು ಸೆರೆಯಲ್ಲಿಟ್ಟರು. ಅವರಲ್ಲಿದ್ದ ಕುಲೀನ ಸ್ತ್ರೀಗೆ ಹಾಲು ಕುಡಿಯುವ ಕೂಸಿತ್ತು. ಆಕೆಯ ತಂದೆ ಮತ್ತೆ ಮತ್ತೆ ಬಂದು ಕೂಸಿನ ಮುಖ ನೋಡಿಯಾದರೂ ಮನಸ್ಸು ಬದಲಿಸು ಎಂದು ಕಾಲಿಗೆ ಬಿದ್ದ. ಆಕೆ ಬದಲಿಸಲಿಲ್ಲ. ಸೆರೆಮನೆಯ ಕತ್ತಲೆ, ತಂದೆಯ ಕಣ್ಣೀರು, ತಾನು ಕಂಡ ಕನಸುಗಳು ಎಲ್ಲವನ್ನೂ ತನ್ನ ಕೈಯಿಂದಲೇ ಬರೆದಿಟ್ಟಳು.

"ಆ ಕೆಲಸದವಳು?" ಎಂದಳು ಅಮ್ಮ.

"ಅವಳು ಬರೆಯಲಿಲ್ಲ. ಅವಳಿಗೆ ಬರೆಯಲು ಬರುತ್ತಿತ್ತೋ ಇಲ್ಲವೋ ತಿಳಿಯದು. ಇಬ್ಬರೂ ಸತ್ತ ಮೇಲೆ ಬೇರೆ ಯಾರೋ ಅವಳ ಬಗ್ಗೆ ಸ್ವಲ್ಪ ಸೇರಿಸಿದ್ದಾರೆ."

"ಇವಳು ಬರ್ದದ್ರಲ್ಲಿ ಅವಳ ಹೆಸರು ಇಲ್ವಾ? ಒಂದೇ ಜೈಲಲ್ಲಿ ಇದ್ದರಲ್ಲ?"

ಇಲ್ಲ ಎಂದೆ. ಕುಲೀನ ಸ್ತ್ರೀ ಸ್ವತಃ ಬರೆದ ಪುಟಗಳಲ್ಲಿ ಸೇವಕಿ ಒಮ್ಮೆಯೂ ಕಾಣಿಸುವುದಿಲ್ಲ. ಅದನ್ನು ನಾನು ಓದಿದ್ದೆ, ಆದರೆ ಅಮ್ಮ ಕೇಳುವವರೆಗೆ ಗಮನಿಸಿರಲಿಲ್ಲ.

ಬಸುರಿಯನ್ನು ಕೊಲ್ಲಬಾರದು ಎಂಬುದು ರೋಮನ್ನರ ಕಾನೂನಾಗಿತ್ತು. ಹೆರಿಗೆಯಾಗದಿದ್ದರೆ ಸಂಗಡಿಗರೆಲ್ಲ ಸತ್ತ ನಂತರ ತಾನೊಬ್ಬಳೇ ಕಳ್ಳರ, ಕೊಲೆಗಾರರ ಜೊತೆ ಸಾಯಬೇಕಾಗುತ್ತದೆ ಎಂದು ಸೇವಕಿ ಅತ್ತಳು. ಎಲ್ಲರೂ ಸೇರಿ ಪ್ರಾರ್ಥಿಸಿದರು, ತಿಂಗಳು ತುಂಬುವ ಮೊದಲೇ ನೋವು ಬಂತು. ನೋವಿಗೆ ನರಳುತ್ತಿದ್ದವಳನ್ನು ಕಂಡು ಕಾವಲುಗಾರನೊಬ್ಬ, ಇಷ್ಟಕ್ಕೇ ಕೂಗುವವಳು ಮೃಗಗಳ ಮುಂದೆ ಏನು ಮಾಡುತ್ತೀ ಎಂದು ಹಂಗಿಸಿದ. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ನಾನು ನನ್ನ ಮಾತುಗಳಲ್ಲಿ ಹೀಗೆ ಬರೆದಿದ್ದೆ: "ಈ ನೋವು ನನ್ನದು, ಇದನ್ನು ನಾನೇ ಉಣ್ಣುತ್ತೇನೆ. ಆ ದಿನದ ನೋವನ್ನು ಹೊರುವುದಕ್ಕೆ ನನ್ನೊಳಗೆ ಇನ್ನೊಬ್ಬನು ಇರುತ್ತಾನೆ." ಆ ಇನ್ನೊಬ್ಬನು ಎಂದರೆ ಕ್ರಿಸ್ತ. ಹೆಣ್ಣುಮಗು ಹುಟ್ಟಿತು. ಅದನ್ನು ಒಬ್ಬ ಸೋದರಿಯ ಕೈಗೆ ಕೊಟ್ಟರು. ಅವಳು ಸಾಕಿದಳು.

ಅಮ್ಮ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದಳು.

ನಾನು ನಾಲ್ಕು ತಿಂಗಳ ಮಗುವಾಗಿದ್ದಾಗ ಅಮ್ಮ ಈ ಮನೆಗೆ ಬಂದಳು. ಮೇಡಂ ಆಗಷ್ಟೇ ಹೆತ್ತಿದ್ದರು, ಅವರ ಮಗಳನ್ನು ನೋಡಿಕೊಳ್ಳುವುದಕ್ಕೆ ನಂಬಿಕೆಯ ಹೆಂಗಸು ಬೇಕಾಗಿತ್ತು. ನನ್ನನ್ನು ಸಾಕಿದ್ದು ಮಾವ್ಶಿ, ಅಮ್ಮನ ಅಕ್ಕ. ಐದು ವರ್ಷದವರೆಗೆ ನಾನು ಅವಳನ್ನೇ ಅಮ್ಮ ಎನ್ನುತ್ತಿದ್ದೆನಂತೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ, ಬರೆಯುವಾಗ ನನಗೆ ಏನೂ ಹೊಳೆದಿರಲಿಲ್ಲ. ನಾನು ವಾಕ್ಯಗಳು ಸರಿಯಾಗಿವೆಯೇ ಎಂದು ನೋಡುತ್ತಿದ್ದೆ.

"ಮುಂದೆ ಓದು," ಎಂದಳು.

ಮುಂದಿನದು ಕೊನೆಯ ದಿನದ ಭಾಗ. ಹೆಂಗಸರ ಮೇಲೆ ಬಿಡಲು ಒಂದು ಹುಚ್ಚು ಕಾಡುದನವನ್ನು ತಂದಿದ್ದರು.

"ದನವಾ? ನಾನು ಸಿಂಹ ಅಂತ ತಿಳಿದಿದ್ದೆ."

"ದನ. ಹೆಂಗಸರಿಗೆ ಅವಮಾನ ಆಗಲಿ ಎಂದು ಹೆಣ್ಣು ಮೃಗವನ್ನೇ ಆರಿಸಿದ್ದರು."

"ನಿನ್ನ ಮಾವ್ಶಿಯ ಆ ಕೆಂದ ದನದ ಹಾಗೆ ಇರಬೇಕು. ಅದು ಪಾದ್ರಿಗಳನ್ನೂ ಬಿಟ್ಟಿರ್ಲಿಲ್ಲ," ಎಂದು ಅಮ್ಮ ನಕ್ಕಳು. ನಗು ಮುಗಿದ ಮೇಲೆ ನಾನು ಉಳಿದದ್ದನ್ನು ಓದಿದೆ. ಇಬ್ಬರನ್ನೂ ಬಟ್ಟೆ ಕಳಚಿ ಬಲೆಯಲ್ಲಿ ಸುತ್ತಿ ಅಖಾಡಕ್ಕೆ ತಂದರು. ಸಾವನ್ನು ನೋಡಲೆಂದೇ ಬಂದ ಜನ ಒಂದು ಕ್ಷಣ ಹಿಂಜರಿದರು, ಏಕೆಂದರೆ ಒಬ್ಬಳು ಎಳೆಯ ಪ್ರಾಯದವಳು, ಇನ್ನೊಬ್ಬಳು ಹಸಿ ಬಾಣಂತಿ, ಅವಳ ಎದೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಆಗ ಇಬ್ಬರನ್ನೂ ಹಿಂದಕ್ಕೆ ಕರೆದು, ಹೊದ್ದುಕೊಳ್ಳಲು ಸಡಿಲ ನಿಲುವಂಗಿ ಕೊಟ್ಟು, ಮತ್ತೆ ಒಳಗೆ ಕಳುಹಿಸಿದರು.

"ಮುಚ್ಚಿಕೊಳ್ಳಲಿಕ್ಕೆ ಕೊಟ್ಟರಾ," ಎಂದಳು ಅಮ್ಮ. "ಮೇಡಮ್ಮೂ ನನಗೆ ಕೊಟ್ಟಿದ್ದರು."

ನನಗೆ ಅರ್ಥವಾಗಲಿಲ್ಲ.

"ಹಾಲು ನಿಲ್ಲಲಿಕ್ಕೆ ಎಷ್ಟು ದಿನ ಬೇಕು, ಗೊತ್ತುಂಟಾ ನಿನಗೆ? ಹನ್ನೊಂದು ದಿನ. ಆ ಮಗು ಅತ್ತರೆ ಸಾಕು, ಇಲ್ಲಿ ಇಳೀತಿತ್ತು. ಬಚ್ಚಲಿಗೆ ಹೋಗಿ ಬೇಸಿನಿಗೆ ಹಿಂಡಿ ಬಿಡುವುದು. ಒಂದು ದಿನ ಊಟಕ್ಕೆ ಜನ ಬಂದಿದ್ದರು. ನಾನು ಅನ್ನದ ಪಾತ್ರೆ ಹಿಡ್ಕೊಂಡು ಹೋಗುವಾಗ ರವಿಕೆ ಎಲ್ಲ ಒದ್ದೆ. ಮೇಡಂ ನೋಡಿ ಒಳಗೆ ಕರೆದು ಒಂದು ಶಾಲು ಕೊಟ್ಟರು, ಹೊದ್ದುಕೋ, ಗಂಡಸರು ಇದ್ದಾರೆ ಅಂತ. ಒಳ್ಳೆ ಉಣ್ಣೆಯದ್ದು. ಈಗಲೂ ಉಂಟು."

ಮಂಚದ ಕೆಳಗಿನ ಪೆಟ್ಟಿಗೆಯಿಂದ ಅದನ್ನು ತೆಗೆದು ತೋರಿಸಿದಳು. ಕಂದು ಬಣ್ಣ, ಅಂಚಿನಲ್ಲಿ ಹಳದಿ ಎಳೆ, ಮಡಿಕೆಗಳಲ್ಲಿ ನುಸಿಗುಳಿಗೆಯ ವಾಸನೆ. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಶಾಲು ಕೊಟ್ಟದ್ದನ್ನು ಅವಳು ಉಪಕಾರವೆಂದೇ ನೆನೆದಿದ್ದಳು. ಆದರೆ ಆ ಹನ್ನೊಂದು ದಿನಗಳನ್ನು ಅವಳು ನನಗೆ ಹಿಂದೆಂದೂ ಹೇಳಿರಲಿಲ್ಲ, ಆ ಹಾಲು ನನ್ನದಾಗಿತ್ತು ಎಂದು ಆಗಲೂ ಹೇಳಲಿಲ್ಲ.

"ಓದುವ ದಿನ ಇದನ್ನೇ ಹೊದೆಯುತ್ತೇನೆ," ಎಂದಳು. "ನೀನು ಆ ಹಾಲಿನ ಮಾತು ಚೆನ್ನಾಗಿ ಬರ್ದಿದ್ದೀ. ಅದನ್ನು ನನಗೇ ಹೇಳ್ಲಿಕ್ಕೆ ಕೊಡು. ಟೀಚರ್ ಹೇಳುವುದು ಬೇಡ."

ಕೊಟ್ಟೆ. ನಿರೂಪಣೆಯಲ್ಲಿದ್ದ ಆ ಭಾಗವನ್ನು ತೆಗೆದು ಸೇವಕಿಯ ಬಾಯಿಗೆ ಹಾಕಿದೆ: ನನ್ನ ಎದೆಯಲ್ಲಿ ಹಾಲಿದೆ, ಅದನ್ನು ಕುಡಿಯುವವಳು ಇಲ್ಲಿಲ್ಲ, ನೋಡುವುದಿದ್ದರೆ ನೋಡಿ. ಒಟ್ಟು ಹದಿನಾಲ್ಕು ಸಾಲುಗಳಾದವು. ಎರಡು ಶುಕ್ರವಾರಗಳಲ್ಲಿ ಅಮ್ಮ ಅವೆಲ್ಲವನ್ನೂ ಕಂಠಪಾಠ ಮಾಡಿದಳು. ಎಲ್ಲಿಯೂ ತಡವರಿಸುತ್ತಿರಲಿಲ್ಲ. ಮೇಡಂ ಕೇಳಬೇಕು, ಡಾಕ್ಟರ್ ಕೇಳಬೇಕು, ಇಷ್ಟು ವರ್ಷ ತನ್ನ ಕೈಯ ಚಹಾ ಕುಡಿದವರೆಲ್ಲ ಕೇಳಬೇಕು ಎಂಬುದು ಅವಳ ಆಸೆ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಮೊದಲು ಮೇಡಂ ನನ್ನನ್ನು ತಮ್ಮ ಮನೆಯ ಹಜಾರಕ್ಕೆ ಕರೆದರು. ಸೋಫಾದಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ನನ್ನ ಹಾಳೆಗಳಲ್ಲಿ ಪೆನ್ಸಿಲ್ ಗುರುತುಗಳಿದ್ದವು.

"ತುಂಬ ಲಾಯ್ಕ ಬರ್ದಿದ್ದೀ. ಆದರೆ ಈ ಹೆರಿಗೆ, ಹಾಲು, ಇದೆಲ್ಲ ಬೇಡ ಮಾರಾಯ್ತಿ. ಗಂಡಸರು ಇರ್ತಾರೆ, ಮಕ್ಕಳು ಇರ್ತಾರೆ. ಅವು ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ ನಾವು ಎಂತ ಹೇಳುವುದು? ಮತ್ತೆ ಟೈಮ್ ಕೂಡ ಇಲ್ಲ."

"ಆದರೆ ಆಂಟಿ, ಅದು ನಿಜವಾಗಿ ನಡೆದದ್ದು," ಎಂದೆ.

"ನಡೆದದ್ದೆಲ್ಲ ಹೇಳ್ತೇವಾ ನಾವು?"

ಅವರ ಕಣ್ಣುಗಳು ಆಗ ನನ್ನ ಮೇಲಿರಲಿಲ್ಲ, ಅಡುಗೆಮನೆಯ ಬಾಗಿಲಿನತ್ತ ಇದ್ದವು. ಅವರಿಗೆ ಆ ಶಾಲು ನೆನಪಿತ್ತೋ, ಅಥವಾ ನಿಜಕ್ಕೂ ಮಕ್ಕಳ ಚಿಂತೆಯೋ, ನನಗೆ ಇಂದಿಗೂ ತಿಳಿಯದು. ನಾನು ವಿವರಿಸಬಹುದಿತ್ತು. ಅಮ್ಮನಿಗೆ ಆ ಸಾಲುಗಳು ಬೇಕು ಎಂದು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಅವರು ಒಪ್ಪುತ್ತಿದ್ದರೇನೋ. ಆದರೆ ನಾನು ಸೋಫಾದ ಮೇಲೆ ಕುಳಿತಿದ್ದೆ, ನನ್ನ ಬರಹವನ್ನು ಹೊಗಳಲಾಗಿತ್ತು, ಅಸಭ್ಯವಾದದ್ದನ್ನು ಬರೆದವಳು ಎನಿಸಿಕೊಳ್ಳುವ ಭಯವಿತ್ತು. ಸರಿ ಆಂಟಿ ಎಂದೆ.

ಅವರು ತೆಗೆಯಲು ಹೇಳಿದ್ದು ಎರಡು ಭಾಗಗಳನ್ನು ಮಾತ್ರ. ನಾನು ಇನ್ನೂ ಹೆಚ್ಚು ತೆಗೆದೆ. ಹೆರಿಗೆ ಇಲ್ಲದಿದ್ದರೆ ಕಾವಲುಗಾರನ ಮೂದಲಿಕೆಗೆ ಅರ್ಥವಿಲ್ಲ, ಮೂದಲಿಕೆ ಇಲ್ಲದಿದ್ದರೆ ಉತ್ತರಕ್ಕೆ ಜಾಗವಿಲ್ಲ. ಬರಹ ಸುಸಂಬದ್ಧವಾಗಿರಬೇಕೆಂಬ ಹಟದಲ್ಲಿ ಒಂದೊಂದಾಗಿ ಅಳಿಸುತ್ತಾ ಹೋದೆ. ಕುಲೀನ ಸ್ತ್ರೀಯ ಭಾಗದಲ್ಲಿ ಒಂದು ಪದವನ್ನೂ ಮುಟ್ಟಲಿಲ್ಲ. ಸೇವಕಿಗೆ ಕೊನೆಯಲ್ಲಿ ಉಳಿದದ್ದು ಒಂದೇ ಸಾಲು, ಅದನ್ನು ನಾನೇ ಕಲ್ಪಿಸಿ ಬರೆದದ್ದು: "ನಾನೂ ಬರುತ್ತೇನೆ."

"ಈಗ ನೋಡು, ಎಷ್ಟು ಡೀಸೆಂಟ್ ಆಯ್ತು," ಎಂದರು ಮೇಡಂ. ಆ ಸಂಜೆ ಟ್ಯಾಕ್ಸಿಯಲ್ಲಿ ಹಿಂತಿರುಗುವಾಗ ನಾನು ಸಂತೋಷದಿಂದಿದ್ದೆ.

ಅಮ್ಮನಿಗೆ ಹೇಳಿದ್ದು ಮರುದಿನ, ಫೋನಿನಲ್ಲಿ.

"ಒಂದು ಸಾಲಾ?"

"ಸಮಯ ಇಲ್ಲ ಅಮ್ಮ. ಮೂವತ್ತೈದು ನಿಮಿಷದಲ್ಲಿ ಮುಗಿಯಬೇಕು."

"ಹಾಗಾದ್ರೆ ಮಗು ಎಲ್ಲಿ ಹೋಯ್ತು?"

"ಮಗು ಬರುವುದಿಲ್ಲ."

"ಬರುವುದಿಲ್ಲವಾ," ಎಂದಳು. ಹಿಂದಿನಿಂದ ಕುಕ್ಕರಿನ ಶಿಳ್ಳೆ ಕೇಳಿಸಿತು. "ಆಯ್ತು ಬಾಯೆ. ನಿನಗೆ ಗೊತ್ತಿರ್ತದೆ." ಮುದ್ದು ಬಂದಾಗ ಅವಳು ನನ್ನನ್ನು ಬಾಯೆ ಎನ್ನುತ್ತಿದ್ದಳು. ಆ ದಿನ ಹಾಗೆ ಕರೆಯದಿದ್ದರೆ ಒಳ್ಳೆಯದಿತ್ತು.

ಆ ಶುಕ್ರವಾರ ಅವಳು ಕಂದು ಶಾಲನ್ನು ಹೊದ್ದುಕೊಂಡೇ ಬಂದಳು. ಹೊರಗೆ ಆಗಲೇ ಬಿಸಿಲು ಏರಿತ್ತು. ಸಭಾಂಗಣದ ಬಾಗಿಲಲ್ಲಿ ಮೇಡಂ ಅವಳನ್ನು ನೋಡಿ, "ಅಯ್ಯ, ಇದೆಂಥ ಹಳೇ ಶಾಲು? ಎಲ್ಲಿಂದ ಸಿಕ್ಕಿತು ನಿನಗೆ? ತೆಗಿ, ನನ್ನ ಕಾರಿನಲ್ಲಿ ಬಿಳಿ ದುಪಟ್ಟಾ ಉಂಟು," ಎಂದರು. ಅಮ್ಮ ಶಾಲನ್ನು ತೆಗೆದು ಮಡಚಿ ಚಹಾದ ಮೇಜಿನ ಕೆಳಗಿಟ್ಟಳು.

ಮೇಡಂ ಚೆನ್ನಾಗಿ ಓದಿದರು. ತಂದೆ ಕಾಲಿಗೆ ಬೀಳುವ ಭಾಗದಲ್ಲಿ ಅವರ ದನಿ ನಡುಗಿತು, ಕೆಲವರು ಕಣ್ಣೊರೆಸಿಕೊಂಡರು. ಹನ್ನೊಂದು ನಿಮಿಷಕ್ಕೆಂದು ಅಳೆದಿದ್ದ ಭಾಗ ಹದಿನೇಳು ನಿಮಿಷವಾಯಿತು. ಅಮ್ಮ ಬಿಳಿ ದುಪಟ್ಟಾದಲ್ಲಿ ಅವರ ಹಿಂದೆ, ಎರಡು ಹೆಜ್ಜೆ ಬಿಟ್ಟು ನಿಂತಿದ್ದಳು. ತುಟಿಗಳು ಮೆಲ್ಲನೆ ಅಲುಗುತ್ತಿದ್ದವು. ಒಂದು ಸಾಲಿಗೆ ಅಷ್ಟು ಅಭ್ಯಾಸ ಬೇಕಿರಲಿಲ್ಲ. ಅವಳು ಹದಿನಾಲ್ಕನ್ನೂ ಹೇಳಿಕೊಳ್ಳುತ್ತಿದ್ದಳು.

ಬಾಗಿಲು ತೆರೆಯಿತು. ಗಿಟಾರಿನ ಪೆಟ್ಟಿಗೆಗಳು ಒಳಗೆ ಬಂದವು. ಟೀಚರ್ ಹಾಳೆಯಿಂದ ತಲೆ ಎತ್ತಿ ನನ್ನತ್ತ ನೋಡಿದರು. ಮೈಕಿನ ಪಕ್ಕದಲ್ಲಿ ನಿಂತು ಸಮಯ ನೋಡಿಕೊಳ್ಳುವುದು ನನ್ನ ಹೊಣೆಯಾಗಿತ್ತು. ಸೇವಕಿಯ ಸಾಲು ಮುಂದಿನ ಪುಟದ ಮೊದಲಲ್ಲಿತ್ತು. ನಾನು ಎರಡು ಬೆರಳು ಎತ್ತಿ, ಆ ಪುಟ ಬಿಡಿ, ಕೊನೆಯ ಪ್ರಾರ್ಥನೆಗೆ ಹೋಗಿ ಎಂದು ಸನ್ನೆ ಮಾಡಿದೆ. ಮೇಡಂ ಅಲ್ಲ, ಟೀಚರ್ ಅಲ್ಲ, ನಾನು. ಅಮ್ಮ ನನ್ನ ಬೆರಳುಗಳನ್ನು ನೋಡಿದಳು. ಎಲ್ಲರೂ ಎದ್ದು ನಿಂತರು. ಪ್ರಾರ್ಥನೆಯಲ್ಲಿ ಇಬ್ಬರು ರಕ್ತಸಾಕ್ಷಿಗಳ ಹೆಸರೂ ಬಂತು, ಕುಲೀನ ಸ್ತ್ರೀಯದು ಮೊದಲು, ಸೇವಕಿಯದು ನಂತರ. ಆಮೆನ್ ಎಂದ ಮೇಲೆ ಅಮ್ಮ ಚಹಾ ಹಂಚಲು ಹೋದಳು.

ಕಥೆಯ ಕೊನೆಯಲ್ಲಿ ದನ ಇಬ್ಬರನ್ನೂ ಎತ್ತಿ ಎಸೆಯುತ್ತದೆ. ಕುಲೀನ ಸ್ತ್ರೀ ಎದ್ದು, ಕೆದರಿದ ಕೂದಲನ್ನು ಕಟ್ಟಿಕೊಂಡು, ನೆಲದಲ್ಲಿ ಬಿದ್ದಿದ್ದ ಸೇವಕಿಗೆ ಕೈಕೊಟ್ಟು ಎಬ್ಬಿಸುತ್ತಾಳೆ. ಇಬ್ಬರೂ ಅಕ್ಕಪಕ್ಕ ನಿಲ್ಲುತ್ತಾರೆ, ಬಳಿಕ ಕತ್ತಿಗೆ ಬಲಿಯಾಗುತ್ತಾರೆ. ನಾನು ಬಿಟ್ಟುಬಿಡಲು ಸನ್ನೆ ಮಾಡಿದ ಪುಟದಲ್ಲಿ ಅದೂ ಇತ್ತು.

ಅಮ್ಮನ ಕೊನೆಯ ಶುಕ್ರವಾರ ನಾನು ಬೇಗ ಹೋದೆ. ಮರುದಿನ ಅವಳ ವಿಮಾನ. ಪೆಟ್ಟಿಗೆಗೆ ಹಗ್ಗ ಬಿಗಿದಾಗಿತ್ತು. ಆದರೂ ಅವಳು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು, ಡಾಕ್ಟರರ ಒಂದು ವಾರದ ಶರ್ಟುಗಳನ್ನು ಮುಗಿಸಿಯೇ ಹೋಗುವುದೆಂದು. ನಾನು ಬಾಗಿಲಲ್ಲಿ ನಿಂತು ಕ್ಷಮೆಯ ಮಾತೊಂದನ್ನು ಜೋಡಿಸುತ್ತಿದ್ದೆ.

ಅಮ್ಮ ತಿರುಗಿ ನೋಡಲಿಲ್ಲ. ಶರ್ಟಿನ ತೋಳನ್ನು ಹರಡಿ, ಮಡಿಕೆ ಹಾಕಿ, ಇಸ್ತ್ರಿ ಒತ್ತುತ್ತಾ ಹೇಳತೊಡಗಿದಳು. ಈ ನೋವು ನನ್ನದು, ಇದನ್ನು ನಾನೇ ಉಣ್ಣುತ್ತೇನೆ. ದನಿ ಎತ್ತರವೂ ಅಲ್ಲ, ತಗ್ಗೂ ಅಲ್ಲ, ಜಪಮಾಲೆ ಹೇಳುವ ದನಿ. ಮಗುವನ್ನು ಸೋದರಿಯ ಕೈಗೆ ಕೊಟ್ಟದ್ದು ಬಂತು. ಬಲೆ ಬಂತು. ಹಾಲು ಬಂತು. ನಾನು ಬರೆದಂತೆಯೇ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಹದಿನಾಲ್ಕನೆಯ ಸಾಲಿನ ಹೊತ್ತಿಗೆ ಒಳಗಿನ ಕೋಣೆಯಿಂದ ಮೇಡಂ ಕರೆದರು.

"ಯಾರ ಹತ್ರ ಮಾತಾಡ್ತಾ ಇದ್ದಿ? ಯಾರಾದ್ರೂ ಬಂದಿದ್ದಾರಾ?"

ಅಮ್ಮ ಇಸ್ತ್ರಿಯನ್ನು ನಿಲ್ಲಿಸಿ ನನ್ನತ್ತ ನೋಡಿದಳು.

"ಯಾರೂ ಇಲ್ಲ ಮೇಡಂ," ಎಂದಳು. "ನನ್ನಷ್ಟಕ್ಕೇ."